ಗಂಗಾಧರಪ್ಪನವರ ಅಳತೆಯ ಹುಟ್ಟು

ಬೇಲೂರಿನಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡಿರುವ ನನ್ನ ಹತ್ತಿರ ದೋಣಿಗೆ ಹುಟ್ಟು ಬೇಕು ಅಂತ ಬಂದವರು ಗಂಗಾಧರಪ್ಪನವರೊಬ್ಬರೇ. ಬೇರೆ ಯಾರಾದರೂ ಆಗಿದ್ದರೆ ಮಾಡಲು ಬೇರೆ ಕೆಲಸವಿಲ್ಲವೇ ಅಂತ ಕಳಿಸಿಬಿಡುತ್ತಿದ್ದೆ. ಅವರ ಎಡಗೈ ಜೋತುಬಿದ್ದಿದ್ದು ಕಂಡು ಸ್ಟೂಲು ಎಳೆದು ಕೂರಿಸಿದೆ.

ಯಗಚಿ ಹಿನ್ನೀರಿನ ಆಚೆ ದಡದಲ್ಲಿ ಅವರ ತೆಂಗಿನ ತೋಟ. ರಸ್ತೆಯಲ್ಲಿ ಹೋದರೆ ಎರಡು ಬಸ್ಸು ಬದಲಿಸಿ ಮೂರು ಮೈಲಿ ನಡೆಯಬೇಕು. ಹಾಗಾಗಿ ಟಾರ್ಪಾಲಿನ ಹಾಯಿ ಕಟ್ಟಿದ ಪುಟ್ಟ ದೋಣಿಯಲ್ಲಿ ವರ್ಷಗಟ್ಟಲೆ ಒಬ್ಬರೇ ಓಡಾಡಿದವರು. ಗಾಳಿ ನಿಂತರೆ ಎರಡು ಕೈಗೆ ಎರಡು ಹುಟ್ಟು. ಕಳೆದ ಬೇಸಿಗೆಯಲ್ಲಿ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ದೀಪಾವಳಿಯೊಳಗೆ ನೀವೇ ದೋಣಿ ದಾಟಿಸಿ ತೋರಿಸಿ, ಇಲ್ಲದಿದ್ದರೆ ತೋಟ ಗುತ್ತಿಗೆಗೆ ಕೊಡೋಣ ಅಂತ ಹೆಂಡತಿ ಗುರುಸಿದ್ದಮ್ಮ ಖಂಡತುಂಡವಾಗಿ ಹೇಳಿದ್ದರು.

ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವನೋ ದೋಣಿಯ ಹಿಂಬದಿ ಹಲಗೆಯಲ್ಲಿ ಕೊರೆದ ಕಚ್ಚಿನಲ್ಲಿ ಒಂದೇ ಉದ್ದ ಹುಟ್ಟು ಕೂರಿಸಿ, ಮೀನು ಬಾಲ ಆಡಿಸುವ ಹಾಗೆ ಒಂದೇ ಕೈಯಲ್ಲಿ ಅತ್ತಿತ್ತ ಆಡಿಸುತ್ತಾನೆ. ದೋಣಿ ಮುಂದಕ್ಕೆ ಹೋಗುತ್ತದೆ. ಇಂಥದ್ದು ಮಾಡಿಕೊಡೋಕೆ ನಿನ್ನ ಕೈಲಿ ಆಗುತ್ತಾ ಅಂತ ಕೇಳಿದರು. ಗೊತ್ತಿಲ್ಲದಿದ್ದರೂ ಹೂಂ ಅಂದೆ. ಅದು ನನ್ನ ತಪ್ಪು.

ಹಗುರವಾಗಲಿ ಅಂತ ಸಿಲ್ವರ್ ಓಕ್ ಆರಿಸಿದೆ. ಅವರನ್ನೇ ನಿಲ್ಲಿಸಿ, ಹುಟ್ಟು ಓರೆಯಾಗಿ ನೀರಿಗಿಳಿದಾಗ ಹಿಡಿ ಎದೆಮಟ್ಟಕ್ಕೆ ಬರುವಂತೆ ಹನ್ನೊಂದಡಿ ಅಳೆದೆ. ಅಲಗಿನ ಒಂದು ಮೈ ಚಪ್ಪಟೆ, ಇನ್ನೊಂದು ಮೈ ಕೊಂಚ ಉಬ್ಬು. ನಾಲ್ಕು ದಿನ ಉಜ್ಜುಗೊರಡು ಹಿಡಿದು ಕೂತೆ. ಅವರ ದೋಣಿಯ ಹಿಂಬದಿ ಹಲಗೆಗೂ ಒಂದು ಕಚ್ಚು ಕೊರೆದೆ.

ಪರೀಕ್ಷೆಗೆ ಮೂವರೂ ಹೊರಟೆವು. ನೀರೆಂದರೆ ಬೆಚ್ಚುವ ಗುರುಸಿದ್ದಮ್ಮ ಗಂಡನನ್ನು ಬಿಡಲಾರದೆ ಮುಂದೆ ಕೂತಿದ್ದರು. ನಡುನೀರಿನಲ್ಲಿ ಗಾಳಿ ನಿಂತು ಹಾಯಿ ಜೋತುಬಿತ್ತು. ಗಂಗಾಧರಪ್ಪ ಹುಟ್ಟು ಹಿಡಿದರು. ನೇಗಿಲು ಹಿಡಿದು ಬೆಳೆದ ಕೈ. ಮೇಳಿ ಒತ್ತಿದ ಹಾಗೆ ಬಲವಾಗಿ ಒತ್ತಿದರು. ಹುಟ್ಟು ಕಚ್ಚಿನಿಂದ ಎಗರಿತು. ಮತ್ತೆ ಕೂರಿಸಿದರು, ಮತ್ತೆ ಎಗರಿತು. ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ನಾನೂ ಹಿಡಿದು ನೋಡಿದೆ, ಮೈ ಒದ್ದೆಯಾಯಿತು ಅಷ್ಟೆ. ನೀರಲ್ಲಿ ನಿಂತ ಒಣಮರಗಳ ಕಡೆಗೆ ದೋಣಿ ಸರಿಯತೊಡಗಿತು. ನನಗೆ ನಿಜಕ್ಕೂ ಜೀವಭಯವಾಯಿತು.

ಗುರುಸಿದ್ದಮ್ಮ ಕೂತಲ್ಲಿಂದಲೇ ತೆವಳಿಕೊಂಡು ಹಿಂದಕ್ಕೆ ಬಂದರು.

“ಒತ್ತಬ್ಯಾಡಿ ಕಣ್ರೀ. ಮಣಿಕಟ್ಟು ತಿರುವಬೇಕು, ಮುದ್ದೆ ತಿರುವ್ದಂಗೆ,” ಅಂದರು. ಹೇಳಿ ಪ್ರಯೋಜನವಿಲ್ಲ ಅನ್ನಿಸಿರಬೇಕು, ತಾವೇ ಹುಟ್ಟು ಹಿಡಿದರು. ನಲವತ್ತು ವರ್ಷ ಒಲೆ ಮುಂದೆ ಮುದ್ದೆ ಕೋಲು ಆಡಿಸಿದ ಕೈ. ಮೊದಲು ತಡವರಿಸಿತು, ಆಮೇಲೆ ಹದ ಸಿಕ್ಕಿತು. ದೋಣಿ ನೆಟ್ಟಗೆ ತೋಟದ ದಡ ಸೇರಿತು.

ಅಮ್ಮನೇ ದಾಟಿಸಿದ ಮೇಲೆ ಇನ್ನು ಗುತ್ತಿಗೆಯ ಮಾತಿಲ್ಲ, ತೋಟ ಉಳಿಯಿತು ಅಂತ ನನಗೆ ಖುಷಿ. ಗಂಗಾಧರಪ್ಪ ಮಾತ್ರ ದಡ ಇಳಿದವರೇ ತಿರುಗಿ ನೋಡದೆ ತೋಟದೊಳಕ್ಕೆ ನಡೆದುಬಿಟ್ಟರು.

ಮುಂದಿನ ವಾರ ಆಟೋದಲ್ಲಿ ಹುಟ್ಟು ಹೇರಿಕೊಂಡು ನನ್ನ ಅಂಗಡಿಗೆ ಬಂದರು.

“ಹಿಡಿ ಕಡೆ ಒಂದು ಗೇಣು ಕೊಯ್ದು ಕೊಡು ಕಣ್ಲಾ ಇಂದ್ರೇಶ. ಅವಳಿಗೆ ಉದ್ದ ಆಗ್ತೈತೆ.”

ಇದು ನಿಮ್ಮ ಅಳತೆಗೆ ಮಾಡಿದ್ದು, ಇರಲಿ, ಅಮ್ಮನಿಗೆ ಬೇರೆ ಮಾಡಿಕೊಡುತ್ತೇನೆ ಅಂದೆ.

“ಎರಡು ಇಟ್ಕೊಂಡು ಏನ್ ಮಾಡ್ಲಿ? ಕೊಯ್ಯಿ.”

ಮರ ಅಲುಗದಂತೆ ಬಲಗೈಯಿಂದ ಅವರೇ ಒತ್ತಿ ಹಿಡಿದರು. ಆ ಹಿಡಿತ ಇನ್ನೂ ಗಟ್ಟಿಯಾಗಿಯೇ ಇತ್ತು. ನಾನು ಅವರ ಮುಖ ನೋಡದೆ ಗರಗಸ ಎಳೆದೆ.