ಗರಿಗರಿ ರಾಯರು
ನೆಂಟರು ಬಂದರೆ ಸಾಕು, ಗರಿಗರಿ ರಾಯರು ಈರುಳ್ಳಿ ಕರಿಯಲು ಅಂಗಿಯ ತೋಳು ಮಡಚುತ್ತಾರೆ. ಈ ಬಿರುದು ಹೆಂಡತಿ ಕೊಟ್ಟದ್ದು. ಹೆಚ್ಚಿ ಕಣ್ಣೀರು ಸುರಿಸುವವಳು ಅವಳು, ಹಿಟ್ಟು ಕಲಸುವವಳೂ ಅವಳೇ. ಬಾಣಲೆಯ ಮುಂದೆ ಜಾಲರಿ ಸೌಟು ಹಿಡಿದು ಮೆರೆಯುವವರು ಮಾತ್ರ ಇವರು. “ಎಣ್ಣೆ ಮಾತಾಡುತ್ತೆ ಕಣೇ, ಕೇಳೋ ಕಿವಿ ಬೇಕು” ಎನ್ನುತ್ತ, ಕರಿದ ಬಿಲ್ಲೆಯೊಂದನ್ನು ನೆಂಟರ ಕಿವಿಯ ಹತ್ತಿರವೇ ಮುರಿದು ಸದ್ದು ಕೇಳಿಸುತ್ತಾರೆ. ಇಷ್ಟೆಲ್ಲ ಕೊಚ್ಚಿಕೊಂಡರೂ ಬಾಣಲೆಯಿಂದ ತೆಗೆದ ಮೊದಲ ಒಬ್ಬೆ ಪ್ರತಿ ಸಲವೂ ಮೆತ್ತಗೇ. “ಇದು ಕೆಟ್ಟೋಯ್ತು, ನಿಮ್ಮಮ್ಮನಿಗೆ ಕೊಡು” ಎಂದು ಜೊತೆಗೇ ಇರುವ ಅತ್ತೆಯ ಪಾಲಿಗೆ ತಟ್ಟೆ ತಳ್ಳುತ್ತಾರೆ. ಕೆಟ್ಟದ್ದನ್ನು ತಿನ್ನುವುದಕ್ಕೆ ನನ್ನ ತಾಯಿಯೇ ಬೇಕಾಯಿತೇ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು. ಈ ಸಲ ತಡೆಯಲಾರದೆ ಅಮ್ಮನ ಎದುರಿಗೇ ಹಂಗಿಸಿದಳು: “ಇಷ್ಟು ವರ್ಷ ಕರಿದ್ರೂ ಕೈ ಕುದುರಲಿಲ್ಲ ನೋಡು.” ಬಾಯಲ್ಲಿ ಒಂದೂ ಹಲ್ಲಿಲ್ಲದ ಅಮ್ಮ ನಿಧಾನವಾಗಿ ನಮಲುತ್ತ ಹೇಳಿದಳು: “ಅಳಿಯಂದ್ರ ಕೈ ಒಂದ್ಸಲಾನೂ ತಪ್ಪಿಲ್ಲ ಕಣೇ.”