ಭಾವನ ಬಲಗಾಲಿನ ಬೂಟು

ನಮ್ಮ ಭಾವ ಬೂಟು ಹೊಲಿಯುವವರು. ಅವರ ಕೈಚಳಕ ನೋಡಲು ಅಂಗಡಿಗೆ ಹೋಗಬೇಕಿಲ್ಲ, ಅವರ ಬಲಗಾಲು ನೋಡಿದರೆ ಸಾಕು. ಸೇನೆಯಲ್ಲಿದ್ದಾಗ ನೆಲಬಾಂಬ್ ಸಿಡಿದು ಆ ಪಾದ ಅರ್ಧ ಹೋಗಿದೆ, ಕಾಲು ಮೂರು ಬೆರಳಿನಷ್ಟು ಗಿಡ್ಡವಾಗಿದೆ. ಒಳಗೆ ಕಾರ್ಕು, ಉಣ್ಣೆ ತುಂಬಿ ತಾವೇ ಹೊಲಿದುಕೊಂಡ ಬೂಟಿನಲ್ಲಿ ಅದೆಲ್ಲ ಮುಚ್ಚಿಹೋಗುತ್ತದೆ. ನಾನು ಅವರ ಬಾಮೈದ. ಹತ್ತೊಂಬತ್ತು ವರ್ಷ ಜೊತೆಗೆ ಓಡಾಡಿದರೂ ಅವರು ಕುಂಟಿದ್ದನ್ನು ಕಂಡಿರಲಿಲ್ಲ. ನನ್ನನ್ನೇ ಹಿಂದೆ ಹಾಕಿ, "ಬೇಗ ಬಾರಯ್ಯ, ಕಾಲು ಹೋಗಿರೋದು ನಂದಾ ನಿಂದಾ?" ಎಂದು ಕಿಚಾಯಿಸುವವರು.

ಈ ಬೂಟೇ ಅಕ್ಕನಿಗೆ ತಲೆನೋವಾಯಿತು. ಅಂಗವಿಕಲರಾದ ಮಾಜಿ ಸೈನಿಕರಿಗೆ ನಗರಸಭೆಯಿಂದ ಮನೆ ಕಂದಾಯ ಮಾಫಿ ಇತ್ತು. ಆದರೆ ಊನ ಅರ್ಧಕ್ಕಿಂತ ಹೆಚ್ಚೆಂದು ಡಾಕ್ಟರು ಬರೆದುಕೊಡಬೇಕು. ಆ ಹಣ ಉಳಿದರೆ ಬಚ್ಚಲುಮನೆಯ ಮೆಟ್ಟಿಲು ಒಡೆಸಿ ಗೋಡೆಗೊಂದು ಹಿಡಿಕೆ ಹಾಕಿಸಬೇಕೆಂದು ಅಕ್ಕನ ಆಸೆ. ಬೂಟಿಲ್ಲದ ಭಾವ ಅಲ್ಲಿ ಎರಡು ಸಲ ಜಾರಿ ಬಿದ್ದಿದ್ದರು. ಈ ಮಹಾಶಯರೋ, ಮೊದಲ ಎರಡು ವರ್ಷವೂ ಬೂಟಿಗೆ ಪಾಲಿಶ್ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಕವಾಯತು ಮಾಡಿ ಬಂದರು. "ನಡಿಗೆ ಸರಾಗ" ಎಂದು ಬರೆಸಿಕೊಂಡರು. ನನಗಂತೂ ಮೈಯೆಲ್ಲ ಉರಿದುಹೋಗಿತ್ತು.

"ಈ ಸಲ ನಾನೂ ಬರ್ತೀನಿ" ಎಂದು ಮೂರನೆಯ ವರ್ಷ ಅಕ್ಕ ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ.

"ಬೂಟು ಬಿಚ್ಚಿ" ಎಂದರು ಡಾಕ್ಟರಮ್ಮ.

"ಯಾಕೆ ಮೇಡಂ, ನಡೆದೇ ತೋರಿಸ್ತೀನಿ" ಎಂದ ಭಾವ ಕಿಟಕಿಯವರೆಗೆ ಹೋಗಿ ಗಿರಕ್ಕನೆ ತಿರುಗಿ ಬಂದರು. ಡಾಕ್ಟರಮ್ಮ ಬರೆಯಲು ಪೆನ್ನು ತೆಗೆದರು.

"ಮೇಡಂ," ಎಂದಳು ಅಕ್ಕ. ಇನ್ನು ಜಗಳಕ್ಕೇ ನಿಲ್ಲುತ್ತಾಳೆ ಅಂದುಕೊಂಡೆ. ದನಿ ಮೆತ್ತಗಿತ್ತು. "ಇವರು ನನ್ನ ಮುಂದೆ ಮಾತ್ರ ಕುಂಟೋದು."

ಭಾವ ಕುರ್ಚಿಯಲ್ಲಿ ಕೂತು ಲೇಸು ಬಿಚ್ಚತೊಡಗಿದರು. ನಾನು ಹೊರಗೆ ಹೋಗಲು ಎದ್ದೆ.

"ಇರಯ್ಯ, ಎಲ್ಲಿಗೆ?" ಎಂದರು ತಲೆ ಎತ್ತದೆ.

ಹಿಮ್ಮಡಿಯ ಮೇಲೆಲ್ಲ ಕೆಂಪಗೆ ತರಚಿತ್ತು. ಡಾಕ್ಟರಮ್ಮ ಅಳತೆ ತೆಗೆದರು, ಒತ್ತಿ ನೋಡಿದರು. ಕೊನೆಗೆ ಬೂಟನ್ನೇ ಕೈಗೆತ್ತಿಕೊಂಡು ಒಳಗೆ ಇಣುಕಿದರು.

"ಯಾರು ಮಾಡಿದ್ದು ಇದನ್ನ?"

"ನಾನೇ."

"ಕಾಲಿಗೆ ನೂರಕ್ಕೆ ಅರವತ್ತು ಬರೀತೀನಿ. ಬೂಟಿಗೆ ನೂರಕ್ಕೆ ನೂರು ಕೊಡಬೇಕು. ಆದ್ರೆ ಅದಕ್ಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ."

ಭಾವ ಆ ಮಾತನ್ನು ಬೀದಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದರು, ನೂರಕ್ಕೆ ನೂರರ ಭಾಗವನ್ನು ಮಾತ್ರ.

ಕಂದಾಯ ಮಾಫಿಯಾಯಿತು. ಬಚ್ಚಲಿನ ಮೆಟ್ಟಿಲು ಹೋಗಿ ಹಿಡಿಕೆ ಬಂತು. ಮೊನ್ನೆ ಬೆಳಿಗ್ಗೆ ನಾನು ಹೋದಾಗ ಭಾವ ಸ್ನಾನ ಮುಗಿಸಿ ಬರಿಗಾಲಲ್ಲಿ ಹೊರಬಂದರು. ನನ್ನನ್ನು ನೋಡಿದರು, ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು, ಒಂದು ಕಡೆಗೆ ವಾಲುತ್ತ, ನಡುಮನೆಯುದ್ದಕ್ಕೂ ಕುಂಟಿಕೊಂಡೇ ಬಂದರು.

"ಏನಯ್ಯ ಹಾಗೆ ನೋಡ್ತೀಯ? ಟವೆಲ್ ಕೊಡು."

ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಅವರು ಇನ್ನೊಂದು ಸಲ ಕೇಳಬೇಕಾಯಿತು.