ಪಂಢರಿನಾಥ ಮೇಷ್ಟ್ರ ಡಸ್ಟರ್

ಪಂಢರಿನಾಥ ಮೇಷ್ಟ್ರು ಪುಕ್ಕಲು ಮನುಷ್ಯ. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿದ್ದ ನಮ್ಮ ಕನ್ನಡ ಶಾಲೆಯಲ್ಲಿ ಅವರು ಡ್ರಾಯಿಂಗ್ ಕಲಿಸುತ್ತಿದ್ದರು, ನಾನು ಮುಖ್ಯೋಪಾಧ್ಯಾಯಿನಿ. ಯಾರಾದರೂ ಲೆಕ್ಕಕ್ಕೆಂದು ಪೀರಿಯಡ್ ಕೇಳಿದರೆ ತಮ್ಮದನ್ನು ಬಿಟ್ಟುಕೊಡುತ್ತಿದ್ದರು. ವರಾಂಡದಲ್ಲಿ ನನ್ನ ಚಪ್ಪಲಿ ಸದ್ದಾದರೆ ಬೋರ್ಡು ಒರೆಸಿಬಿಡುತ್ತಿದ್ದರು.

ಒರೆಸುವುದಕ್ಕೆ ಕಾರಣವಿತ್ತು. ೨೦೦೧ರಲ್ಲಿ ಅವರು ಮೂರನೇ ಕ್ಲಾಸಿಗೆ ಚಿತ್ರದ ಜೊತೆಗೆ ಓದೂ ಕಲಿಸುತ್ತಿದ್ದಾರೆಂದು ಕನ್ನಡದ ಟೀಚರ್ ನಾಗಮಣಿ ದೂರು ತಂದರು. ಡ್ರಾಯಿಂಗ್ ಕ್ಲಾಸಿನಲ್ಲಿ ಡ್ರಾಯಿಂಗ್ ಮಾತ್ರ ಎಂದೆ. "ಆಗಲಿ ಮೇಡಂ" ಎಂದರು. ಆಮೇಲೆ ಕದ್ದು ಕಲಿಸತೊಡಗಿದರು.

ಒಮ್ಮೆ ಕಿಟಕಿಯ ಪಕ್ಕ ನಿಂತು ಕೇಳಿಸಿಕೊಂಡೆ.

"ಕಣಜ ಅಂದ್ರೆ ಏನ್ ಸಾರ್?" ಮೂರನೇ ಕ್ಲಾಸಿನ ಪೂರ್ಣಿಮಾ ಕೇಳಿದಳು.

ಮೇಷ್ಟ್ರು ದೊಡ್ಡ ಬುಟ್ಟಿಯಂಥದೊಂದನ್ನು ಬೋರ್ಡಿನ ಮೇಲೆ ಬಿಡಿಸಿದರು. "ಭತ್ತ ತುಂಬಿಡೋದು. ಹಳ್ಳಿಮನೆಗಳಲ್ಲಿ ಇರುತ್ತೆ."

"ರೇಷನ್ ಕಡೈ ಮಾದಿರಿಯಾ ಸಾರ್? ರೇಷನ್ ಅಂಗಡಿ ಥರ ಕ್ಯೂ ನಿಲ್ಲಬೇಕಾ?"

"ಕ್ಯೂ ಗೀವು ಏನಿಲ್ಲಮ್ಮ, ನೀನೇ ಓನರ್ರು. ಬಿಡಿಸು. ಆಮೇಲೆ ಕೆಳಗೆ ಹೆಸರು ಬರಿ."

ನಾನು ಬಾಗಿಲಿಗೆ ಬರುವಷ್ಟರಲ್ಲಿ ಬೋರ್ಡು ಖಾಲಿಯಾಗಿತ್ತು.

ಪೂರ್ಣಿಮಾ ಆಗಲೇ ಒಂದು ಸಲ ಫೇಲಾದವಳು. ಕಣಜ, ಕೊಟ್ಟಿಗೆ, ನೇಗಿಲು ಎಂದು ಪಾಠದಲ್ಲಿ ಬರುವ ಯಾವುದನ್ನೂ ಮಾಂಬಲಂ ಗಲ್ಲಿಯಲ್ಲಿ ಕಂಡವಳಲ್ಲ. ಅಂಥ ಪದ ಬಂದ ಕಡೆ ಬಾಯಿ ಕಟ್ಟಿಹೋಗುತ್ತಿತ್ತು. ಅಪ್ಪ ಸೋಮಲಿಂಗಪ್ಪ ರೈಲ್ವೆ ಗುಮಾಸ್ತ. ನನ್ನ ಕೋಣೆಗೇ ಬಂದು ಹೇಳಿದ್ದರು: "ಈ ಸಲನೂ ಫೇಲ್ ಆದ್ಲಂದ್ರ ಸಾಲಿ ಬಿಡಿಸಿ ಬಳ್ಳಾರಿಗೆ ಕಳಿಸ್ತೀನ್ರಿ ಮೇಡಂ. ಅವ್ರಜ್ಜಿ ಜೋಡಿ ರೊಟ್ಟಿ ಬಡಕೊಂಡಿರ್ಲಿ."

ಅದು ಮೇಷ್ಟ್ರಿಗೂ ಗೊತ್ತಿತ್ತು. ಪರೀಕ್ಷೆ ಹತ್ತಿರ ಬಂದಂತೆ ಅವರು ಊಟದ ಡಬ್ಬಿ ತೆರೆಯುವುದನ್ನೇ ಬಿಟ್ಟರು. ಸ್ಟಾಫ್ ರೂಮಿನಲ್ಲಿ ಯಾರು ಕರೆದರೂ ಬೆಚ್ಚಿಬೀಳುತ್ತಿದ್ದರು. "ಏನ್ ಸಾರ್, ಪರೀಕ್ಷೆ ನಿಮಗಾ?" ಎಂದು ನಾಗಮಣಿ ಚುಚ್ಚಿದರೆ ತಲೆ ತಗ್ಗಿಸುತ್ತಿದ್ದರು.

ಓದಿನ ಪರೀಕ್ಷೆ ಡ್ರಾಯಿಂಗ್ ಕೋಣೆಯಲ್ಲೇ ನಡೆಯಿತು. ಹೊರಗೆ ಬೆಂಚಿನ ಮೇಲೆ ಸೋಮಲಿಂಗಪ್ಪ ಕೂತಿದ್ದರು. ಮೇಷ್ಟ್ರು ಬೋರ್ಡಿಗೆ ಅಂಟಿಕೊಂಡು ನಿಂತಿದ್ದರು. ಬೆವರಿಗೆ ಅಂಗಿಯ ಕಾಲರು ನೆನೆದಿತ್ತು.

ನಾಗಮಣಿ ಮಕ್ಕಳು ಓದಿರದ ಪಾಠವೊಂದನ್ನು ಕೊಟ್ಟರು. "ಅಜ್ಜಿ ಕೊಟ್ಟಿಗೆಗೆ ಹೋದಳು" ಎಂದು ಓದಿ ಪೂರ್ಣಿಮಾ ಅಲ್ಲಿಗೇ ನಿಲ್ಲಿಸಿದಳು. ಫೇಲ್ ಎಂದು ಬರೆಯಲು ನಾನು ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ಅವಳು ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಒಂದು ಸೂರು, ಅದರ ಕೆಳಗೆ ಹಸು ಬಿಡಿಸಿದಳು. ಪುಸ್ತಕ ನೋಡಿದಳು. "ಹಸುವಿನ ಪಕ್ಕ ಕರು ಮಲಗಿತ್ತು" ಎಂದು ಓದಿದಳು. ಬೋರ್ಡಿನ ಮೇಲೆ ಸೊಟ್ಟ ಕಾಲಿನ ಕರುವೊಂದು ಬಂತು.

"ಇದೇನು ಡ್ರಾಯಿಂಗ್ ಪರೀಕ್ಷೆನಾ? ಒರೆಸಿ ಸಾರ್!" ನಾಗಮಣಿ ಗದರಿದರು.

ಮೇಷ್ಟ್ರ ಕೈ ತಾನಾಗಿ ಡಸ್ಟರಿಗೆ ಹೋಯಿತು. ಹುಡುಗಿ ಅವರನ್ನೇ ನೋಡಿದಳು. ನಾನೂ ನೋಡಿದೆ. ಅವರು ಡಸ್ಟರನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡರು. ಬಟ್ಟೆಯೆಲ್ಲ ಬಿಳಿಯಾಯಿತು.

"ಅವಳು ಓದಿ ಮುಗಿಸ್ಲಿ ಟೀಚರ್," ಎಂದರು.

ಪೂರ್ಣಿಮಾ ಕೊನೆಯ ಸಾಲಿನವರೆಗೂ ಓದಿದಳು. ಪಾಸ್ ಎಂದು ಬರೆದು ನಾನು ಮೇಲೆದ್ದೆ. ಬಾಗಿಲ ಕಡೆ ನಡೆದಾಗ ಚಪ್ಪಲಿ ಎಂದಿನಂತೆ ಸದ್ದು ಮಾಡಿತು. ಮೇಷ್ಟ್ರು ಬೋರ್ಡು ಒರೆಸಲಿಲ್ಲ, ಡಸ್ಟರಿದ್ದ ಜೇಬನ್ನು ಇನ್ನಷ್ಟು ಗಟ್ಟಿಯಾಗಿ ಅದುಮಿ ಹಿಡಿದರು.